ಬದಲಿ ತಂಗಿ

ಊರ ನಾಟಕದಲ್ಲಿ ಹೆಣ್ಣಿನ ಪಾರ್ಟು ಮಾಡುವವರು ಊರವರಲ್ಲ. ನಮ್ಮ ವಡಗೇರಾ ಕಡೆಯ ಹಳ್ಳಿಗಳಲ್ಲಿ ಗಂಡಸರು ಎರಡು ತಿಂಗಳು ತಾಲೀಮು ಮಾಡುತ್ತಾರೆ. ನಟಿ ಮಾತ್ರ ನಾಟಕದ ದಿನವೇ ಹೊರಗಿನಿಂದ ಬಂದು, ಮಧ್ಯಾಹ್ನ ಒಂದು ಸಲ ಎಲ್ಲರ ಜೊತೆ ಮಾತು ಒಪ್ಪಿಸಿ, ರಾತ್ರಿ ಬಣ್ಣ ಹಚ್ಚುತ್ತಾಳೆ. ಅಲ್ಲಿಯವರೆಗೆ ಅವಳ ಮಾತುಗಳನ್ನು ಯಾರಾದರೂ ಓದಬೇಕು. ನಮ್ಮೂರಲ್ಲಿ ಆ ಕೆಲಸ ಟೇಲರನದು. ಆ ವರ್ಷ ಅವನಿಗೆ ಮದುವೆ ಜಂಪರುಗಳ ಕಾಟ ಹೆಚ್ಚಾಗಿ ಕೈ ಎತ್ತಿಬಿಟ್ಟ. ತಾಲೀಮು ನಡೆಯುವುದು ನಾನು ಕಲಿಸುವ ಶಾಲೆಯ ಕೋಣೆಯಲ್ಲಿ, ಕೀಲಿ ಇರುವುದು ನನ್ನ ಹತ್ತಿರ. ಹಾರ್ಮೋನಿಯಂ ನುಡಿಸುತ್ತ ನಾಟಕ ಕಲಿಸುವ ಪೇಟಿ ಮಾಸ್ತರರು ಮಾತಿನ ನೋಟ್‌ಬುಕ್ಕನ್ನು ನನ್ನ ಕೈಗೆ ತುರುಕಿದರು.

"ಬರೇ ಓದೂದದ ಟೀಚರ. ಹುಡುಗರಿಗಿ ಓದ್ತೀರಲ್ಲ, ಹಂಗ."

ಓದುವುದಕ್ಕೆ ನನಗೇನೂ ತಕರಾರಿರಲಿಲ್ಲ. ತಕರಾರು ಇದ್ದದ್ದು ಎದುರಿಗೆ ನಿಂತವನದು. ನಾಟಕದಲ್ಲಿ ಅಣ್ಣನಾದವನು ನನ್ನ ಒಡಹುಟ್ಟಿದ ಅಣ್ಣ. ಅವನು ನನ್ನೊಡನೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ತನ್ನ ಮಗನಿಗೆ ನನ್ನ ಮಗಳನ್ನು ಕೇಳಿದ್ದ. ಹುಡುಗಿ ಓದುತ್ತಿದ್ದಾಳೆ, ಆಗುವುದಿಲ್ಲ ಎಂದಿದ್ದೆ. ಅಂದದ್ದು ಸರಿ. ಅಂದ ರೀತಿ ಸರಿಯಿರಲಿಲ್ಲ, ಹತ್ತು ಮಂದಿಯ ಎದುರು ಅವನಿಗೆ ಪಾಠ ಮಾಡಿಬಿಟ್ಟಿದ್ದೆ. ದಿನಾ ಶಹಾಪುರದಿಂದ ಬಂದು ಬಸ್ಸಿಳಿದು ಅವನ ಮನೆಯ ಮುಂದೆಯೇ ಶಾಲೆಗೆ ನಡೆಯುತ್ತಿದ್ದೆ. ಅವನು ಎತ್ತಿನ ಕೊಂಬು ನೋಡುತ್ತ ನಿಲ್ಲುತ್ತಿದ್ದ. ಒಳಗೊಳಗೇ ಬಹಳ ಸಂಕಟವಾಗುತ್ತಿತ್ತು, ಆದರೆ ಮೊದಲು ಮಾತಾಡಲು ನನ್ನ ಸೊಕ್ಕು ಬಿಡುತ್ತಿರಲಿಲ್ಲ.

ಮೊದಲ ದಿನ ನನ್ನನ್ನು ಕಂಡವನೇ ಅವನು ಮಾಸ್ತರರ ಕಡೆ ತಿರುಗಿದ.

"ಮಾಸ್ತರ್ರೀ, ಟೀಚರಿಗಿ ಹೇಳ್ರಿ, ಜರಾ ಜೋರ್ ಓದಬೇಕಂತ."

ನಾನು ಒಂದು ಮಾರು ದೂರದಲ್ಲಿದ್ದೆ. "ಮಾಸ್ತರ್ರೀ, ಹೀರೋಗ ಹೇಳ್ರಿ, ಮೊದಲ ಬಾಯಿಪಾಠ ಮಾಡ್ಕೊಂಡು ಬರಬೇಕಂತ."

ಮಾಸ್ತರರು ಯಾರಿಗೂ ಏನೂ ಹೇಳದೆ ಪೇಟಿ ಬಾರಿಸತೊಡಗಿದರು.

ನಾಲ್ಕನೇ ತರಗತಿಯ ಬೆಂಚುಗಳನ್ನು ಗೋಡೆಗೆ ಸರಿಸಿದರೆ ಅದೇ ಗೌಡರ ವಾಡೆ, ಅದೇ ಜೈಲು. ಖಳನಾಯಕ ಹಾಲಿನ ಡೇರಿಯವನು. ನಡುವೆ ಫೋನು ಬಂದರೆ ಕೊಲೆ ಬೆದರಿಕೆಯ ದನಿಯಲ್ಲೇ "ಫ್ಯಾಟ್ ಎಷ್ಟು ಬಂದದ?" ಎಂದು ಕೇಳುತ್ತಿದ್ದ. ಮಂಡಕ್ಕಿ ವಗ್ಗರಣೆ, ಮಿರ್ಚಿ ಬಂದವೆಂದರೆ ಸತ್ತು ಬಿದ್ದವನೂ ಎದ್ದು ಕೂರುತ್ತಿದ್ದ. ಹಿಂದೆಂದೂ ಅಷ್ಟು ನಕ್ಕದ್ದು ನನಗೆ ನೆನಪಿಲ್ಲ.

ನಾಟಕದಲ್ಲಿ ಅಣ್ಣ ತಪ್ಪು ತಿಳಿದು ಹೊರಗೆ ಹಾಕಿದ ತಂಗಿಯನ್ನು ಮತ್ತೆ ಕರೆಯಲು ಬರುವ ದೃಶ್ಯವೊಂದಿತ್ತು. "ತಂಗೀ, ಕೋಪವನ್ನು ಮರೆತು ಮನೆಗೆ ನಡೆ" ಎನ್ನುವುದು ಅವನ ಮಾತು. "ಬರುತ್ತೇನಣ್ಣಾ" ಎನ್ನುವುದು ನನ್ನದು. ಮೊದಮೊದಲು ಅಣ್ಣ ಅದನ್ನು ಕಪ್ಪುಹಲಗೆಗೆ ಹೇಳಿದ, ಆಮೇಲೆ ನನ್ನ ಭುಜಕ್ಕೆ, ತಿಂಗಳು ಕಳೆದ ಮೇಲೆ ನನ್ನ ಮುಖಕ್ಕೇ ಹೇಳಿದ. ಏಳರ ಬಸ್ಸಿನ ಹೊತ್ತಿಗೆ ನಾನು ನೋಟ್‌ಬುಕ್ ಮುಚ್ಚಿದರೆ ಮತ್ತೆ ಅದೇ ರಾಗ: "ಮಾಸ್ತರ್ರೀ, ಟೀಚರಿಗಿ ಹೇಳ್ರಿ, ಬಸ್ ಬಂತಂತ." ಆದರೂ ನನಗೆ ಆ ಎರಡು ತಾಸು ಹಬ್ಬ. ದಿನಕ್ಕೊಮ್ಮೆಯಾದರೂ ಅವನನ್ನು ಅಣ್ಣಾ ಎನ್ನಬಹುದಿತ್ತು. ನಟಿ ಬಂದ ದಿನ ಇದೂ ಮುಗಿಯುತ್ತದೆ ಎಂಬುದೊಂದೇ ಚಿಂತೆ.

ಅವಳು ಸುರಪುರದ ಕಡೆಯಿಂದ ಬಂದಳು. ನೆಲ ಮುಟ್ಟಿ ನಮಸ್ಕರಿಸಿ ಸೆರಗು ಸಿಕ್ಕಿಸಿ ನಿಂತಳು. ಊರೂರಿಗೆ ಅದೇ ನಾಟಕ ಮಾಡಿದವಳಿಗೆ ಪುಸ್ತಕ ಬೇಕಿರಲಿಲ್ಲ. ನಾನು ನೋಟ್‌ಬುಕ್ ಹಿಡಿದು ಹಿಂದಿನ ಬೆಂಚಿನಲ್ಲಿ ಕೂತೆ. ಆ ದೃಶ್ಯ ಬಂತು. ಅಣ್ಣ ಅವಳನ್ನು ನೋಡಿ "ತಂಗೀ" ಎಂದ, ಅಲ್ಲಿಗೇ ನಿಂತ. ಮೂರು ಸಲ ಹಾಗೇ ಆಯಿತು. ಖಳನಾಯಕನೇ ಪಾಪ ಎಂದುಕೊಂಡು ಮಾತು ಎತ್ತಿಕೊಟ್ಟ, ಆದರೂ ಬರಲಿಲ್ಲ. ಬೆವರು ಒರೆಸಿಕೊಳ್ಳುತ್ತ ಅಣ್ಣ ನನ್ನ ಬೆಂಚಿನ ಕಡೆ ನೋಡುತ್ತಿದ್ದ.

ನಟಿ ನಕ್ಕಳು. "ಇಷ್ಟು ದಿನ ನನ್ನ ಮಾತು ಯಾರ್ ಓದ್ಯಾರ್ರಿ?"

ಎಲ್ಲರೂ ನನ್ನ ಕಡೆ ಬೆರಳು ಮಾಡಿದರು.

"ಎಲ್ಲಾ ಊರಾಗೂ ಇದ ಹಣೇಬರಹ ನೋಡ್ರಿ. ಅಕ್ಕಾರ, ನೀವು ಬಂದು ನನ್ನ ಹಿಂದ ನಿಂದರ್ರಿ. ಅವ್ರು ನಿಮಗ ಹೇಳ್ಲಿ, ನಾ ನನಗ ಅಂತ ತಿಳ್ಕೋತೀನಿ."

ನಾನು ಹೋಗಿ ನಿಂತೆ. ಅಣ್ಣ ಅವಳ ಹೆಗಲ ಮೇಲಿಂದ ನನ್ನನ್ನು ನೋಡಿದ. "ತಂಗೀ" ಎಂದ. ಮುಂದಿನದು ಪುಸ್ತಕದ ಮಾತಾಗಿರಲಿಲ್ಲ.

"ಸಿಟ್ಟು ಬಿಡಬೇ. ನಾನೂ ಬಿಟ್ಟೀನಿ. ಮನಿಗಿ ನಡಿ."

ನಟಿ ಹಿಂತಿರುಗಿ ನನ್ನನ್ನೊಮ್ಮೆ, ಅವನನ್ನೊಮ್ಮೆ ನೋಡಿ ಪಕ್ಕಕ್ಕೆ ಸರಿದಳು. ಪೇಟಿ ನಿಂತಿತ್ತು. ಎರಡು ತಿಂಗಳ ರೂಢಿಯಿಂದ ನನ್ನ ಬೆರಳು ನೋಟ್‌ಬುಕ್ಕಿನಲ್ಲಿ ಮುಂದಿನ ಸಾಲು ಹುಡುಕಿತು. ಸಾಲು ಅಲ್ಲೇ ಇತ್ತು, ದಿನಾ ಓದಿದ್ದೇ. ಬಾಯಿ ತೆರೆದರೆ ದನಿ ಹೊರಡಲಿಲ್ಲ.

ಅಣ್ಣ ಕಣ್ಣೊರೆಸಿಕೊಂಡು ಮಾಸ್ತರರ ಕಡೆ ತಿರುಗಿದ. "ಮಾಸ್ತರ್ರೀ, ಟೀಚರಿಗಿ ಹೇಳ್ರಿ, ಜರಾ ಜೋರ್ ಓದಬೇಕಂತ."

ಕೋಣೆಗೆ ಕೋಣೆಯೇ ನಕ್ಕಿತು. ನಾನು ನೋಟ್‌ಬುಕ್ ಮುಚ್ಚಿ, ಜೋರಾಗಿಯೇ "ಬರ್ತೀನಣ್ಣಾ" ಎಂದೆ. ಆ ಸಂಜೆ ಏಳರ ಬಸ್ಸು ಹಾರ್ನ್ ಹೊಡೆದು ಹೋದಾಗ ನಾನು ಅಣ್ಣನ ಮನೆಯಲ್ಲಿ ರೊಟ್ಟಿ ಮುರಿಯುತ್ತಿದ್ದೆ.