ಎತ್ತಿನ ನಿಬಂಧಕ್ಕೆ ಹನ್ನೊಂದು ಮಾರ್ಕು

ನಮ್ಮ ಶಿರಸಿಯ ಮಧುಕೇಶ್ವರ ಮಾಸ್ತರರು ಎರಡು ವಸ್ತುಗಳನ್ನು ಯಾರ ಕೈಗೂ ಕೊಟ್ಟವರಲ್ಲ: ಒಂದು ಕೊಡೆ, ಇನ್ನೊಂದು ಕೆಂಪು ಮಸಿಯ ದೌತಿ. ಒಮ್ಮೆ ಹಾಕಿದ ಮಾರ್ಕನ್ನು ತಿದ್ದಿದವರೂ ಅಲ್ಲ.

ಮೂವತ್ತೆಂಟನೇ ಇಸವಿಯಲ್ಲಿ ಅವರು ದೊಡ್ಡವರಿಗೆಂದು ರವಿವಾರದ ವರ್ಗ ತೆರೆದರು. ನನ್ನ ಅಂಗಡಿಯ ಅಡಿಕೆ ಮೂಟೆ ಸಾಗಿಸುವ ಎತ್ತಿನಗಾಡಿ ಹೊಡೆಯುವ ಗನಿ ಸೇರಿಕೊಂಡ. ಯಲ್ಲಾಪುರಕ್ಕೆ ಜನ ಒಯ್ಯುವ ಮೋಟಾರಿಗೆ ಕಂಡಕ್ಟರ್ ಬೇಕಾಗಿದ್ದ. ನಾಲ್ಕನೇ ಇಯತ್ತೆ ಪಾಸಾದ ಚೀಟಿ ತಂದವನಿಗೆ ಕೆಲಸ. ಲೆಕ್ಕದಲ್ಲಿ ಗನಿ ಪಾಸು. ಕನ್ನಡದಲ್ಲಿ ಎತ್ತಿನ ಮೇಲೆ ಬರೆದ ನಿಬಂಧಕ್ಕೆ ಐವತ್ತರಲ್ಲಿ ಹನ್ನೊಂದು.

"ಹದಿನೈದು ವರ್ಷ ಎತ್ತಿನ ಬಾಲದ ಹಿಂದೇ ಕೂತವ ನಾನು, ಸಾವ್ಕಾರ್ರೇ," ಎಂದು ಉತ್ತರದ ಹಾಳೆ ಹಿಡಿದು ಅಂಗಡಿಗೆ ಬಂದು ಗೋಳಾಡಿದ. "ಎತ್ತಿನಲ್ಲೇ ನಪಾಸಾದೆ!"

ಮಾಸ್ತರರನ್ನು ಕೇಳಿದೆ.

"ಎತ್ತಿಗೆ ನಾಲ್ಕು ಕಾಲು ಅಂತ ಬರೆದೇ ಇಲ್ಲ ನೋಡಿ."

"ಅದು ಓದುವವರಿಗೆ ಗೊತ್ತಿರ್ತದಲ್ಲ?"

"ಪರೀಕ್ಷೆ ಅಂದ್ರೆ ಗೊತ್ತಿದ್ದದ್ದನ್ನೇ ಬರೆಯೋದು ಮಾರಾಯ್ರೇ!"

ನಮ್ಮ ಪೇಟೆಯಲ್ಲಿ ಅಡಿಕೆ ಆರಿಸುವವನ ಕಣ್ಣಿನ ಮೇಲೆ ಸಂಶಯ ಬಂದರೆ, ಅದೇ ಮೂಟೆಯನ್ನು ಕೆಲವು ದಿನ ಬಿಟ್ಟು ಬೇರೆ ಹೆಸರಿನಲ್ಲಿ ಅವನ ಮುಂದೆ ಸುರಿಯುತ್ತೇವೆ. ನಾನೂ ಗನಿಯ ನಿಬಂಧವನ್ನು ದುಂಡಗೆ ನಕಲು ಮಾಡಿ, ಸಿದ್ಧಾಪುರದ ನನ್ನ ಭಾವ ಬರೆದದ್ದೆಂದು ಮಾಸ್ತರರ ಮುಂದಿಟ್ಟೆ. ಭಾವ ಎತ್ತು ಕಂಡರೆ ಬೇಲಿಯಾಚೆ ನಿಲ್ಲುವವನು. ಆದರೆ ಕೋಟು ಹಾಕುತ್ತಾನೆ.

"ಹೆಗಲು ಹುಣ್ಣಾದ ಎತ್ತು ನಿಂತಲ್ಲೂ ತಲೆ ಓರೆ ಮಾಡುತ್ತದೆ," ಎಂಬಲ್ಲಿಗೆ ಬಂದು ಮಾಸ್ತರರು ಕನ್ನಡಕ ತೆಗೆದರು. "ಆಹಾ, ಎಂತ ಅನುಭವ!"

ನಲವತ್ತೊಂದು ಹಾಕಿದರು. ಹನ್ನೊಂದು ಬಿದ್ದ ಗನಿಯ ಹಾಳೆಯನ್ನು ಅದರ ಪಕ್ಕದಲ್ಲೇ ಇಟ್ಟೆ. ಮಾಸ್ತರರ ಮುಖ ದೌತಿಯ ಬಣ್ಣಕ್ಕೆ ಬಂತು.

"ಎರಡು ಮಾರ್ಕೂ ನಾನೇ ಹಾಕಿದ್ದು. ಯಾವುದು ಖರೆ?"

"ತಕ್ಕಡಿ ನಿಮ್ಮದು. ನಾನೆಂತ ಹೇಳಲಿ?"

ಕೊಡೆ, ದೌತಿ, ಹಾಳೆ ಹಿಡಿದು ಅವರು ನೆಟ್ಟಗೆ ಗಾಡಿಗಳು ನಿಲ್ಲುವಲ್ಲಿಗೆ ನಡೆದರು. ಎಕ್ಕಂಬಿ ಊರಿನವರ ಗಾಡಿಯ ಎತ್ತೊಂದು ತಲೆ ಓರೆ ಮಾಡಿ ನಿಂತಿತ್ತು. ನೊಗ ಎತ್ತಿಸಿ ನೋಡಿದರು. ಹೆಗಲ ಮೇಲೆ ರೂಪಾಯಿಯಗಲದ ಹುಣ್ಣು. ಅಲ್ಲೇ ಗಾಡಿಯ ಮೇಲೆ ಹಾಳೆಯಿಟ್ಟು, ಹನ್ನೊಂದನ್ನು ಹೊಡೆದು ನಲವತ್ತೊಂದು ಬರೆದರು. ಗನಿಗೆ ಚೀಟಿ ಸಿಕ್ಕಿತು. ನನಗೆ ಗಾಡಿಯವನು ತಪ್ಪಿದ.

ಮರುವರ್ಷದ ನಿಬಂಧ ಮೋಟಾರಿನ ಮೇಲೆ. ಪರೀಕ್ಷೆಗೆ ಮೊದಲೇ ಮಾಸ್ತರರು ತಾವೇ ಒಂದು ಉತ್ತರ ಬರೆದು, ಹೆಸರು ಹಾಕದೆ, ಕಂಡಕ್ಟರ್ ಗನಿಗೆ ಕೊಟ್ಟರು.

"ಮೋಟಾರಿಗೆ ನಾಲ್ಕು ಗಾಲಿ..." ಗನಿ ಓದಿ ತಲೆಯೆತ್ತಿದ. "ಯಾರು ಬರೆದದ್ದು?"

"ಯಾರೋ ಒಬ್ಬರು. ನೀನು ಮಾರ್ಕು ಹೇಳು."

ಗನಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದ. "ಏರಿನಲ್ಲಿ ನಿಂತ್ರೆ ಇಳಿದು ತಳ್ಳೋರು ಯಾರು ಅಂತ ಬರೆದೇ ಇಲ್ಲ, ಮಾಸ್ತರ್ರೇ. ಹನ್ನೊಂದು."