ಕತ್ತರಿಗೆ ಸಿಕ್ಕ ವಿಮಾನಗಳು

ಶಾಲೆಗೆ ಪುಸ್ತಕ ದಾನ ಮಾಡಬೇಕೆಂದಿರುವವರಿಗೆ ನನ್ನದೊಂದು ಬುದ್ಧಿಮಾತು: ಕೊಡುವ ಮುಂಚೆ ಅಲ್ಲಿ ಮಕ್ಕಳು ಚಿತ್ರ ಬಿಡಿಸುವ ಡ್ರಾಯಿಂಗ್ ರೂಮು ನೋಡಿ ಬನ್ನಿ. ಲೈಬ್ರರಿ ಯಾರು ಬೇಕಾದರೂ ಒರೆಸಿಡುತ್ತಾರೆ. ಪುಸ್ತಕ ಬದುಕುತ್ತದೋ ಸಾಯುತ್ತದೋ ಎಂಬುದು ಡ್ರಾಯಿಂಗ್ ರೂಮಿನಲ್ಲಿ ಗೊತ್ತಾಗುತ್ತದೆ.

ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಇನ್ನೂ ಕಟ್ಟುತ್ತಿದ್ದ ವರ್ಷಗಳು ಅವು. ಚಿಕ್ಕಬಳ್ಳಾಪುರದ ಬಜಾರಿನಲ್ಲಿ ನನ್ನ ಹಳೇ ಪುಸ್ತಕದ ಅಂಗಡಿಯಿತ್ತು. ತಕ್ಕಡಿ ಹಿಡಿದು ರದ್ದಿ ಕೊಳ್ಳುತ್ತಾ ಬೆಳೆದವನು ನಾನು. ಓದದೆಯೇ ಪುಸ್ತಕಕ್ಕೆ ಬೆಲೆ ಕಟ್ಟಬಲ್ಲೆ. ಒಂದು ದಿನ ಶಿಡ್ಲಘಟ್ಟದಿಂದ ಕರೆ ಬಂತು. ಕರೆದವರು ವಾಯುಪಡೆಯಲ್ಲಿ ವಿಮಾನದ ಎಂಜಿನ್ ರಿಪೇರಿ ಮಾಡುತ್ತಿದ್ದು ನಿವೃತ್ತರಾದ ಹಿರಿಯರು. ಅವರ ನಡುಮನೆಯ ಗೋಡೆಯುದ್ದಕ್ಕೂ ವರ್ಷಕ್ಕೊಂದರಂತೆ ಬರುವ, ಇಟ್ಟಿಗೆ ದಪ್ಪದ ಇಂಗ್ಲಿಷ್ ಪುಸ್ತಕಗಳು. ಯಾವ ದೇಶದ ವಾಯುಪಡೆಯಲ್ಲಿ ಯಾವ ವಿಮಾನಗಳಿವೆ, ರೆಕ್ಕೆಯ ಅಗಲವೆಷ್ಟು, ಎಂಜಿನ್ ಯಾವುದು, ಮೇಲಿನಿಂದ, ಪಕ್ಕದಿಂದ, ಎದುರಿನಿಂದ ನೋಡಿದರೆ ಹೇಗೆ ಕಾಣುತ್ತದೆ, ಎಲ್ಲ ಅವುಗಳಲ್ಲಿತ್ತು. ಬೆಂಗಳೂರಿನ ಫುಟ್‌ಪಾತುಗಳಲ್ಲಿ ಹುಡುಕಿ ಹುಡುಕಿ ಒಂದೊಂದೇ ತಂದಿದ್ದರಂತೆ.

‘ಹಳೇ ಪಂಚಾಂಗ ಯಾರು ತಗೋತಾರೆ ಅಣ್ಣಾ? ಇದರಲ್ಲಿರೋ ವಿಮಾನ ಎಲ್ಲ ಗುಜರಿಗೆ ಹೋಗಿರ್ತವೆ’ ಎಂದೆ. ಅದು ವ್ಯಾಪಾರದಲ್ಲಿ ನನ್ನ ಮಾಮೂಲಿ ಮೊದಲ ಏಟು.

‘ಗುಜರಿಗೆ ಹೋಗಿದಾವೆ ಅಂತಾನೇ ಪುಸ್ತಕ ಬೇಕು ಕಣಪ್ಪ. ನಿಮ್ಮ ತಾತ ಹೋದ್ರು ಅಂತ ಅವರ ಫೋಟೋ ಒಲೆಗೆ ಹಾಕಿದ್ಯಾ?’

ಅವರು ಮಾರಲು ಕರೆದಿರಲಿಲ್ಲ. ಕಣ್ಣು ಮಂಜಾಗುತ್ತಿತ್ತು, ಆಪರೇಷನ್ ಕೈಗೂಡಿರಲಿಲ್ಲ. ‘ಯಲಹಂಕದ ಕಡೆಯಿಂದ ಏನೋ ಒಂದು ತಲೆ ಮೇಲೆ ಸದ್ದು ಮಾಡ್ಕೊಂಡು ಹೋಗುತ್ತೆ. ಅದು ಯಾವುದು ಅಂತ ಒಂದು ಮಗು ಓಡಿ ಬಂದು ಪುಟ ತೆಗೀಬೇಕು. ಅಂಥಾ ಜಾಗ ನೋಡು. ನೀನು ನಾಲ್ಕು ಊರು ಸುತ್ತೋನು’ ಎಂದರು.

ಜಾಗ ಹುಡುಕಿದೆ. ಗೌರಿಬಿದನೂರಿನಲ್ಲಿ ಒಬ್ಬರು ಬೀರುವಿಗೆ ಬೀಗ ಹಾಕಿಡುತ್ತೇವೆ ಎಂದು ಹೆಮ್ಮೆಯಿಂದ ಹೇಳಿದರು. ಅಲ್ಲಿಂದ ಎದ್ದು ಬಂದೆ. ಚಿಂತಾಮಣಿಯ ಒಂದು ಖಾಸಗಿ ಹೈಸ್ಕೂಲಿನ ಹೆಡ್ ಮಾಸ್ಟರು ಒಪ್ಪಿದರು. ಅವರ ಜೊತೆ ನಾನು ಎತ್ತಿನ ವ್ಯಾಪಾರದ ಹಾಗೆ ಕೂತು ಷರತ್ತು ಒಪ್ಪಿಸಿದೆ. ಬೀಗ ಇರಬಾರದು. ಕಿಟಕಿ ಪಕ್ಕದ ಮೇಜು ಬೇಕು. ಪುಟ ತಿರುಗಿಸಿದರೆ ಮಕ್ಕಳಿಗೆ ಗದರಬಾರದು. ಎಲ್ಲಕ್ಕೂ ‘ಆಯ್ತು ಸಾರ್’ ಎಂದರು. ಕತ್ತರಿ ಹಾಕಬಾರದು ಎಂದು ಹೇಳಲಿಲ್ಲ ನಾನು. ಯಾರು ಹೇಳುತ್ತಾರೆ? ಮಗುವನ್ನು ಶಾಲೆಗೆ ಸೇರಿಸುವಾಗ, ದಯವಿಟ್ಟು ಇದನ್ನು ತಿನ್ನಬೇಡಿ ಎಂದು ಕೇಳಿಕೊಳ್ಳುತ್ತೇವೆಯೇ?

ಪುಸ್ತಕ ತಲುಪಿಸಿ ಕೆಲವು ತಿಂಗಳಾದ ಮೇಲೆ ವಿಜ್ಞಾನ ವಸ್ತುಪ್ರದರ್ಶನಕ್ಕೆ ದಾನಿಗಳನ್ನು ಕರೆದರು. ಹಿರಿಯರನ್ನು ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಮನಸ್ಸಾಗದೆ ಮನೆಯಲ್ಲೇ ಉಳಿಸಿಕೊಂಡಿದ್ದ ಕೊನೆಯ ಸಂಪುಟವನ್ನೂ ಕೊಟ್ಟುಬಿಡೋಣವೆಂದು ಅವರು ಚೀಲದಲ್ಲಿ ತಂದಿದ್ದರು.

ಬಾಗಿಲಲ್ಲೇ ಹುಳಿ ವಾಸನೆ. ಮೈದಾ ಹಿಟ್ಟು ಕಾಯಿಸಿ ಮಾಡಿದ ಅಂಟು. ಗೋಡೆ ತುಂಬ ಬಣ್ಣದ ಚಾರ್ಟುಗಳು. ಒಂದರ ಮೇಲೆ ದಪ್ಪಕ್ಷರದಲ್ಲಿ ‘ಯುದ್ಧ ವಿಮಾನಗಳು’, ಸುತ್ತ ಮಿನುಗು ಪುಡಿ. ಅದರಲ್ಲಿದ್ದವು ನಮ್ಮ ಪುಸ್ತಕದ ವಿಮಾನಗಳು. ರೆಕ್ಕೆ ಚಾರ್ಟಿನ ಅಂಚು ದಾಟುತ್ತಿದ್ದ ಕಡೆ ರೆಕ್ಕೆಯನ್ನೂ ಕತ್ತರಿಸಿದ್ದರು. ಹೆಸರು ಪುಸ್ತಕದಲ್ಲೇ ಉಳಿದಿತ್ತು. ಸಾಮಾನು ಸಾಗಿಸುವ ವಿಮಾನವೂ ಯುದ್ಧಕ್ಕೆ ಹೊರಟಿತ್ತು. ಪಕ್ಕದಲ್ಲಿ ನಿಂತಿದ್ದ ಹುಡುಗಿ ಬಾಯಿಪಾಠ ಒಪ್ಪಿಸಿದಳು: ‘ಇವು ಯುದ್ಧ ವಿಮಾನಗಳು. ಇವು ಆಕಾಶದಲ್ಲಿ ಹಾರುತ್ತವೆ.’

ಹಿರಿಯರಿಗೆ ಚಾರ್ಟು ಸರಿಯಾಗಿ ಕಾಣಿಸಲಿಲ್ಲ. ಅವರು ನೇರ ಕಿಟಕಿಯ ಮೇಜಿಗೆ ಹೋದರು. ಷರತ್ತಿನಂತೆ ಪುಸ್ತಕಗಳು ಅಲ್ಲೇ ಇದ್ದವು, ಬೆನ್ನು ಸಾಲಾಗಿ. ಒಂದನ್ನು ತೆಗೆದು ಪುಟ ಸವರಿದರು. ಬೆರಳು ಆಚೆ ಕಡೆ ಬಂತು. ಮುಂದಿನ ಪುಟದಲ್ಲೂ ಬಂತು. ಈ ಬದಿಯ ಚಿತ್ರ ಹೋದಾಗ ಆ ಬದಿಯ ಬರಹವೂ ಹೋಗಿತ್ತು. ಉಳಿದ ಸಾಲುಗಳಿಗೆ ತಲೆಯಿದ್ದರೆ ಬಾಲವಿಲ್ಲ. ನಮ್ಮ ಸೀಮೆಯಲ್ಲಿ ರೇಷ್ಮೆ ಹುಳ ಸೊಪ್ಪು ಮೇಯ್ದು ಬರೀ ದಂಟು ಬಿಡುವುದನ್ನು ದಿನವೂ ನೋಡುತ್ತೇವೆ. ಅದು ತಿಂದದ್ದಕ್ಕೆ ಗೂಡಾದರೂ ಕಟ್ಟುತ್ತದೆ.

‘ಯಾರು ಮಾಡಿದ್ದು ಇದು?’ ಎಂದು ನಾನೇ ಕೇಳಿದೆ.

ಡ್ರಾಯಿಂಗ್ ಮೇಡಂ ಖುಷಿಯಿಂದ ಮುಂದೆ ಬಂದರು. ‘ನಾವೇ ಸಾರ್. ಅಂಗಡೀಲಿ ಸಿಗೋ ಚಾರ್ಟಲ್ಲಿ ಇಷ್ಟು ಕ್ಲಿಯರ್ ಇರಲ್ಲ. ಇದು ಒಳ್ಳೇ ಪೇಪರು, ಅಂಟು ಹಾಕಿದ್ರೂ ಸುಕ್ಕಾಗಲ್ಲ.’

‘ಓದೋ ಪುಸ್ತಕ ಅಲ್ವೇನಮ್ಮ?’ ಎಂದೆ.

ಹೆಡ್ ಮಾಸ್ಟರು ನಕ್ಕರು. ‘ದಾಂಟ್ಲೋ ಏಮುಂದಿ ಸಾರ್, ಅದರಲ್ಲೇನಿದೆ? ಎಲ್ಲಾ ಹಳೇದು. ಮೇಜಿನ ಮೇಲಿದ್ರೆ ನಾಲ್ಕು ಜನ ನೋಡ್ತಿದ್ರು. ಈಗ ಗೋಡೆ ಮೇಲೆ ಇಡೀ ಊರು ನೋಡುತ್ತೆ. ಶಿಕ್ಷಣ ಇಲಾಖೆ ಸಾಹೇಬ್ರು ಬೇರೆ ಬರ್ತಾರೆ ಉದ್ಘಾಟನೆಗೆ.’

ಇವರು ಕೆಟ್ಟವರಾಗಿದ್ದರೆ ಬೈದು ಬರುತ್ತಿದ್ದೆ. ನಿಜವಾಗಿಯೂ ಪುಸ್ತಕಕ್ಕೆ ಒಳ್ಳೆಯದು ಮಾಡಿದ್ದೇವೆ ಎಂದೇ ನಂಬಿ ನಿಂತಿದ್ದರು. ನನಗೆ ಹೇಸಿಗೆ ಹುಟ್ಟಿಸಿದ್ದು ಅದು. ರದ್ದಿ ಅಂಗಡಿಯಲ್ಲಿ ಕಡಲೆಕಾಯಿ ಪೊಟ್ಟಣಕ್ಕೆ ಹರಿಯುವವನಾದರೂ ತಾನು ಪುಸ್ತಕ ಹರಿಯುತ್ತಿದ್ದೇನೆ ಎಂದು ಬಲ್ಲ.

ಅಷ್ಟರಲ್ಲಿ ಸಾಹೇಬರು ಬಂದು ರಿಬ್ಬನ್ ಕತ್ತರಿಸಿದರು. ವೇದಿಕೆಯಲ್ಲಿ ಹಿರಿಯರಿಗೆ ಶಾಲು ಹೊದಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು ಫೋಟೋ ತೆಗೆದರು. ಅವರು ಬೇಡವೆನ್ನಲಿಲ್ಲ, ಬೇಡವೆಂದು ಜನರ ಮುಂದೆ ಮುಖ ಮುರಿಯುವ ಮನುಷ್ಯರಲ್ಲ. ಕೆಳಗಿಳಿದ ಮೇಲೆ ಮೇಡಂ ಹಿರಿಯರ ಚೀಲದ ಕಡೆ ನೋಡಿದರು.

‘ಇನ್ನೊಂದು ಪುಸ್ತಕ ತಂದಿದ್ದೀರಂತಲ್ಲ ಸಾರ್. ಅದರಲ್ಲೂ ಕಲರ್ ಇದೆಯಾ?’

ನಾನು ಬಾಯಿ ತೆರೆಯುವ ಮುಂಚೆ ಹಿರಿಯರು ಹೇಳಿದರು: ‘ಇದೆಯಮ್ಮ. ಆದ್ರೆ ಇದನ್ನ ಇನ್ನೂ ಎರಡು ಕಡೆನೂ ಓದಬಹುದು. ಅದಕ್ಕೇ ಕೊಡಲ್ಲ.’

ಹಣ್ಣಿನ ಬುಟ್ಟಿಯನ್ನು ಬಾಯಿಪಾಠದ ಹುಡುಗಿಯ ಕೈಗಿಟ್ಟರು. ಶಾಲು ಬಿಚ್ಚಿ ಪುಸ್ತಕಕ್ಕೆ ಸುತ್ತಿದರು. ಬಸ್ ಸ್ಟ್ಯಾಂಡಿನವರೆಗೂ ನಾನು ಅವರಿಗೆ ಬುದ್ಧಿ ಹೇಳುತ್ತಲೇ ಬಂದೆ: ದೂರು ಕೊಡಿ, ಪರಿಹಾರ ಕೇಳಿ, ನಾನು ಮಾತಾಡುತ್ತೇನೆ.

‘ಏನಂತ ಕೇಳ್ತೀಯಪ್ಪ?’ ಎಂದರು. ‘ತೂತು ವಾಪಸ್ ಕೊಡಿ ಅಂತಾನಾ?’