ಶುಕ್ರವಾರದ ಕೊನೆಯ ಪಿರಿಯಡ್

ಇವತ್ತು ಮಧ್ಯಾಹ್ನ ಸ್ಟಾಫ್ ರೂಮಿನ ಬೀರು ತೆರೆದೆ. ಹಳೇ ಮೈದಾ ಅಂಟಿನ ವಾಸನೆ ಮೂಗಿಗೆ ಬಡಿಯಿತು. ಮೈದಾ ಕುದಿಸಿ, ಹುಳ ಬೀಳದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ ಮಾಡುತ್ತಿದ್ದೆವಲ್ಲ, ಆ ಅಂಟು. ತೋಟಕ್ಕೆ ಹೊಡೆಯಲು ಇಟ್ಟ ಮೈಲುತುತ್ತದಿಂದಲೇ ಮಕ್ಕಳು ಒಂದಿಷ್ಟು ಕದ್ದು ತರುತ್ತಿದ್ದರು. ಮೈಲುತುತ್ತಕ್ಕೂ ಬಗ್ಗದ ಜಿರಳೆಗಳು ತಿಂದು ಬಿಟ್ಟಷ್ಟು ಚಾರ್ಟುಗಳು ಸುರುಳಿಯಾಗಿ ಬಿದ್ದಿದ್ದವು.

ಬೀರು ಖಾಲಿ ಮಾಡಿ ಎಂದು ನಿನ್ನೆ ಹೆಡ್‌ಮಾಸ್ಟರು ಹೇಳಿದ್ದರು. ಒಂಬತ್ತನೇ ತರಗತಿಯ ಶುಕ್ರವಾರದ ಕೊನೆಯ ಪಿರಿಯಡ್ ಇನ್ನು ಗಣಿತಕ್ಕಂತೆ. ‘ಟೀಚರ್, ನಿಮ್ಮ ಕ್ಲಾಸು ಒಳ್ಳೇದೇ, ಅಲ್ಲ ಅನ್ನಲ್ಲ. ಆದ್ರೆ ಪರೀಕ್ಷೆಗೆ ಬರುತ್ತಾ?’ ಎಂದರು. ‘ಇಲ್ಲ ಸಾರ್’ ಎಂದೆ. ಎಂಟು ವರ್ಷದಿಂದ ವರ್ಷ ವರ್ಷವೂ ಇದೇ ಜಗಳ. ಈ ಸಲ ಜಗಳವಾಡಲು ನನ್ನಲ್ಲಿ ತ್ರಾಣವಿರಲಿಲ್ಲ. ನಿಜ ಹೇಳಬೇಕೆಂದರೆ, ಕಳೆದುಕೊಂಡ ದುಃಖಕ್ಕಿಂತ ಒಂದು ಕೆಲಸ ಕಮ್ಮಿಯಾಯಿತೆಂಬ ಸಮಾಧಾನವೇ ಹೆಚ್ಚಾಗಿತ್ತು.

ಆ ಪಿರಿಯಡ್ಡಿಗೆ ಹೆಸರೂ ಇರಲಿಲ್ಲ. ಮಕ್ಕಳು ‘ನಮ್ಮ ಜನ ಕ್ಲಾಸು’ ಎನ್ನುತ್ತಿದ್ದರು. ಪೊನ್ನಂಪೇಟೆ ಕಡೆಯ ಸರ್ಕಾರಿ ಪ್ರೌಢಶಾಲೆಯೆಂದರೆ ನಿಮಗೆ ಗೊತ್ತಲ್ಲ, ಒಂದು ಬೆಂಚಿನಲ್ಲಿ ನಾಲ್ಕು ಮಕ್ಕಳಿದ್ದರೆ ನಾಲ್ಕು ಮನೆಮಾತು. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಎರವ ಆದಿವಾಸಿಗಳ ಮಾತು. ಮೊಘಲರ ವಂಶಾವಳಿ ಬಾಯಿಪಾಠವಿರುವ ಹುಡುಗನಿಗೆ ಪಕ್ಕದಲ್ಲಿ ಕೂತವಳ ಮನೆಯವರ ವಿಷಯ ಏನೂ ತಿಳಿದಿರುವುದಿಲ್ಲ. ಇದನ್ನು ಸರಿಮಾಡುತ್ತೇನೆ ಎಂಬ ಹುಮ್ಮಸ್ಸು ಆಗ ನನಗಿತ್ತು. ವಯಸ್ಸಿತ್ತು ಅನ್ನಿ.

ಮೊದಲ ವಾರವೇ ಎಡವಟ್ಟು ಮಾಡಿಕೊಂಡೆ. ನಾನು ಕುಶಾಲನಗರದ ಕಡೆಯವಳು, ಹಾಸನದಿಂದ ಬಂದು ನೆಲೆಸಿದ ಬೇಸಾಯದ ಮನೆತನ. ವರ್ಗವಾಗಿ ಇಲ್ಲಿಗೆ ಬಂದಾಗ ಸಿಕ್ಕವರೆಲ್ಲ ನನ್ನ ಹೆಸರಿಗಿಂತ ಮೊದಲು ಮನೆಹೆಸರು ಕೇಳುತ್ತಿದ್ದರು. ನನ್ನಲ್ಲಿ ಎರಡು ಇನಿಶಿಯಲ್ ಬಿಟ್ಟರೆ ಏನೂ ಇರಲಿಲ್ಲ. ಅದನ್ನೇ ಹೇಳಿದರೆ ಪಾಪ ಎಂಬಂತೆ ನೋಡುತ್ತಿದ್ದರು. ಆ ಮುಜುಗರ ಉಂಡವಳೇ ಮಕ್ಕಳಿಗೆ ಮೊದಲ ಹೋಂವರ್ಕ್ ಕೊಟ್ಟದ್ದು ಏನು ಗೊತ್ತೇ? ‘ನಿಮ್ಮ ಮನೆಹೆಸರು ಮತ್ತು ಅದರ ಕತೆ ಬರೆದುಕೊಂಡು ಬನ್ನಿ.’

ಕೊಡವ ಹುಡುಗನೊಬ್ಬ, ಬೋಪಣ್ಣ, ನಾಲ್ಕು ಪುಟ ಬರೆದಿದ್ದ. ಎರವರ ಹುಡುಗಿ ಗೌರಿ ಬರೆದದ್ದು ಒಂದೇ ಸಾಲು: ‘ಐದನೇ ನಂಬರ್ ಲೈನು.’ ತೋಟದ ಕೂಲಿಯವರ ಸಾಲುಮನೆ ಅದು, ಬೋಪಣ್ಣನವರದೇ ತೋಟ. ಕ್ಲಾಸು ನಕ್ಕಿತು. ನಾನು ನಗಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದೆ. ಬಲು ಪ್ರೀತಿಯಿಂದ, ‘ಅದು ಮನೆಹೆಸರಲ್ಲಮ್ಮ, ಸರಿಯಾಗಿ ಕೇಳ್ಕೊಂಡು ಬಾ’ ಎಂದೆ. ಮಾರನೆಯ ದಿನ ಗೌರಿ ಬರಲಿಲ್ಲ. ಮುಂದಿನ ವಾರವೂ, ಅದರ ಮುಂದಿನ ವಾರವೂ ಬರಲಿಲ್ಲ.

ಶನಿವಾರ ಶಾಲೆ ಮುಗಿಸಿ ಲೈನಿಗೆ ಹೋದೆ. ಗೌರಿಯ ಅಜ್ಜಿ ಬಾಗಿಲಲ್ಲಿ ಕೂತು ಕರಿಮೆಣಸು ಕೇರುತ್ತಿದ್ದರು. ಮೊರ ಕೆಳಗಿಡದೆಯೇ ಕೇಳಿದರು: ‘ಮನೆ ಇಲ್ಲದ ಮಕ್ಕ ಶಾಲೆಗೆ ಬರೋದು ಬೇಡ ಅಂತ ಹೇಳಿದ್ರಾ ಟೀಚರೇ? ಸೋಮವಾರದಿಂದ ಅವಳೂ ಕಾಫಿ ಪಿಕ್ಕಿಂಗಿಗೆ ಬರ್ತಾಳೆ.’

‘ತಪ್ಪಾಯ್ತು ಅಜ್ಜಿ, ಕೇಳಿದ್ದೇ ತಪ್ಪು’ ಎಂದೆ.

‘ಕೇಳಿದ್ದು ತಪ್ಪಲ್ಲ. ಕೇಳುವ ಹಾಗೆ ಕೇಳ್ಬೇಕು. ನಮ್ಗೂ ಹಿರಿಯರು ಉಂಟು. ಸತ್ತವರಿಗೆ ಅನ್ನ ಇಡುವಾಗ ಹೆಸರು ಕರೀತೇವೆ.’ ಬೆರಳು ಮಡಚುತ್ತಾ ಒಂದೊಂದೇ ಹೆಸರು ಹೇಳಿದರು. ಹನ್ನೊಂದು. ಯಾರು ಯಾವ ಹೊಳೆಬದಿಯಲ್ಲಿದ್ದರು, ಯಾರನ್ನು ಆನೆ ತುಳಿಯಿತು ಎಲ್ಲ ಹೇಳಿದರು. ಆಮೇಲೆ ನನ್ನತ್ತ ತಿರುಗಿ, ‘ನೀವೆಷ್ಟು ಹೇಳ್ತೀರಿ?’ ಎಂದರು.

ಅಪ್ಪ, ಅಜ್ಜ, ಮುತ್ತಜ್ಜ. ಮೂರಕ್ಕೇ ನಿಂತೆ. ಅದರಾಚೆಯವರು ಹಾಸನದಲ್ಲೇ ಉಳಿದುಹೋಗಿದ್ದರು. ಒಳಗೆ ಅವಿತಿದ್ದ ಗೌರಿಗೆ ನಗು ತಡೆಯಲಾಗಲಿಲ್ಲ. ಸೋಮವಾರ ಅವಳು ಶಾಲೆಗೆ ಬಂದಳು. ಶುಕ್ರವಾರ ಎಲ್ಲರೆದುರು ಹನ್ನೊಂದು ಹೆಸರನ್ನೂ ಹೇಳಿದಳು, ನನ್ನ ಮೂರನ್ನೂ ಬಿಡದೆ ಸೇರಿಸಿದಳು.

ಅವತ್ತು ಬೆಲ್ಲಾದ ಮೇಲೆ ಬೋಪಣ್ಣ ಬಂದು, ‘ಟೀಚರ್, ಗೌರಿಯ ಅಜ್ಜಿ ನನ್ನ ಎತ್ತಿ ಆಡ್ಸಿದ್ದಂತೆ. ಅವ್ರ ಹೆಸ್ರೇ ನಂಗೆ ಗೊತ್ತಿರ್ಲಿಲ್ಲ’ ಎಂದ. ಅದಕ್ಕೆ ಅಂಕ ಕೊಡುವ ಕಾಲಂ ನಮ್ಮಲ್ಲಿಲ್ಲ. ಈ ಪಾಠದಿಂದ ಏನು ಲಾಭ ಎಂದು ಕೇಳಿದವರಿಗೆ ನಾನು ಹೇಳುವುದು ಇಷ್ಟೇ. ಅವರು ತಲೆಯಾಡಿಸುತ್ತಾರೆ, ಆಮೇಲೆ ಟೈಂಟೇಬಲ್ ತೆಗೆಯುತ್ತಾರೆ. ಎಷ್ಟು ವರ್ಷ ಅಂತ ಹೇಳುವುದು?

ಬೀರು ಹಾಗೇ ಬಿಟ್ಟು, ಈ ಶುಕ್ರವಾರದಿಂದ ಗಣಿತ ಎಂದು ತಿಳಿಸಲು ಒಂಬತ್ತನೆಯ ತರಗತಿಗೆ ಹೋದೆ. ಕ್ಲಾಸು ಸಂತೆಯಾಗಿತ್ತು. ಹಿಂದಿನ ಬೆಂಚಿನಲ್ಲಿ ಹೊಸ ಹುಡುಗಿ ಬೆನ್ನು ತಿರುಗಿಸಿ ಕೂತಿದ್ದಳು. ಅಪ್ಪ ಅಮ್ಮ ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದವರು. ‘ಏ ಅಸ್ಸಾಂ, ಈ ಕಡೆ ತಿರುಗು!’ ಎಂದು ಕೂಗಿದೆ.

ಅವಳು ತಿರುಗಿದಳು. ಯಾರೂ ನಗಲಿಲ್ಲ. ಯಾರಿಗೂ ವಿಚಿತ್ರವೂ ಅನ್ನಿಸಲಿಲ್ಲ. ನನ್ನ ಕಿವಿ ಬಿಸಿಯಾಯಿತು. ಹೇಳಬೇಕಾದ್ದನ್ನು ಹೇಳದೆ ನೇರ ಹೆಡ್‌ಮಾಸ್ಟರ ಕೋಣೆಗೆ ಹೋದೆ.

‘ಸಾರ್, ಶುಕ್ರವಾರದ ಪಿರಿಯಡ್ ನಾನು ಬಿಟ್ಟುಕೊಡಲ್ಲ.’

‘ನಿನ್ನೆ ತಾನೇ ಒಪ್ಪಿದ್ರಲ್ಲ ಟೀಚರ್!’

‘ನಿನ್ನೆ ಒಪ್ಪಿದ್ದೆ. ಸುಸ್ತಾಗಿತ್ತು.’ ಈಗಲೂ ಸುಸ್ತಾಗಿಯೇ ಇದೆ, ಅದನ್ನು ಹೇಳಲಿಲ್ಲ.

ಆ ಹುಡುಗಿಯ ಹೆಸರು ಮಮೋನಿ. ನಾಲ್ಕು ತಿಂಗಳಿಂದ ಹಾಜರಿ ಪುಸ್ತಕದಲ್ಲಿ ಅದನ್ನು ಬರೆಯುತ್ತಿರುವುದು ನಾನೇ.